ಖಾಲಿ ಬಿಡಬೇಕಾದ ಜಾಗ

ಹೆಣ್ಣುಮಗಳು ಕಲ್ಲು ಓದಿ ಏನು ಮಾಡುತ್ತಾಳೆ ಎಂದು ಕೇಳಿದವರಿಗೆಲ್ಲ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿಹೋಗಿದ್ದ ಕಾಲ ಅದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಧಾರವಾಡದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮುಗಿಸಿ ಪುಣೆಯ ಒಂದು ಸಣ್ಣ ಖಾಸಗಿ ಕಂಪನಿಗೆ ಸೇರಿದ್ದೆ. ಕೊಂಕಣದ ದಕ್ಷಿಣದ ಮೂಲೆಯಲ್ಲಿ, ಗೋವಾ ಗಡಿಗೆ ಹತ್ತಿರ, ಒಂದು ಗುಡ್ಡವಿತ್ತು. ಅದರ ಹೊಟ್ಟೆಯಲ್ಲಿ ಕಬ್ಬಿಣದ ಅದಿರು ಎಷ್ಟಿದೆ, ಎಂಥದಿದೆ, ಗಣಿ ತೆಗೆಯಲು ಲಾಯಕ್ಕೋ ಅಲ್ಲವೋ ಎಂದು ಪರೀಕ್ಷೆ ಮಾಡುವುದು ನಮ್ಮ ಕೆಲಸ. ನನ್ನ ಜೊತೆ ಸೇರಿದ ಗಂಡಸರನ್ನೆಲ್ಲ ಗುಡ್ಡಕ್ಕೆ ಕಳಿಸಿದರು. ನನ್ನನ್ನು ಪುಣೆಯ ಹೊರವಲಯದ ಭೋಸರಿಯ ಶೆಡ್ಡಿಗೆ ಕಳಿಸಿದರು. "ನೀನು ಗುಡ್ಡಕ್ಕೆ ಹೋಗುವುದೇಕೆ, ಗುಡ್ಡವೇ ನಿನ್ನ ಹತ್ತಿರ ಬರುತ್ತದೆ" ಎಂದು ನಮ್ಮ ಸಾಹೇಬರು ಮರಾಠಿಯಲ್ಲಿ ನಗೆಯಾಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಹೋದೆ. ಬೇರೆ ಯಾರು ಕೆಲಸ ಕೊಡುತ್ತಿದ್ದರು?

ಶೆಡ್ಡು ಅಂದರೆ ತಗಡಿನ ಚಾವಣಿ, ಸಿಮೆಂಟಿನ ನೆಲ, ಮೂಲೆಯಲ್ಲೊಂದು ನಲ್ಲಿ. ಒಂದು ಪಕ್ಕಕ್ಕೆ ಲೇಥ್ ಮಶೀನುಗಳ ಕಾರ್ಖಾನೆ, ಇನ್ನೊಂದು ಪಕ್ಕಕ್ಕೆ ತಗಡು ಒತ್ತುವ ಕಾರ್ಖಾನೆ. ದಿನವಿಡೀ ಕಿವಿ ಗುಂಯ್‌ಗುಡುತ್ತಿತ್ತು. ಗುಡ್ಡದ ನೆತ್ತಿಯಿಂದ ಬೋರ್ ಹಾಕಿದಾಗ ಒಳಗಿನ ಕಲ್ಲು ಸೌತೆಕಾಯಿ ದಪ್ಪದ ತುಂಡುಗಳಾಗಿ ಮೇಲೆ ಬರುತ್ತದೆ. ಅದಕ್ಕೆ ಕೋರ್ ಅನ್ನುತ್ತೇವೆ. ಮೇಲಿನದು ಮೊದಲು, ಕೆಳಗಿನದು ಆಮೇಲೆ, ಹೀಗೆ ಬಂದ ಕ್ರಮದಲ್ಲೇ ಉದ್ದನೆಯ ಮರದ ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸುತ್ತಾರೆ. ಎಷ್ಟು ಆಳದಲ್ಲಿ ಸಿಕ್ಕಿತೆಂದು ಸಣ್ಣ ಮರದ ತುಂಡುಗಳ ಮೇಲೆ ಬರೆದು ಅಲ್ಲಲ್ಲಿ ಇಡುತ್ತಾರೆ. ಲಾರಿಯಲ್ಲಿ ಬಂದ ಆ ಪೆಟ್ಟಿಗೆಗಳ ಮುಂದೆ ಕುಕ್ಕುರುಗಾಲಲ್ಲಿ ಕೂತು, ಒಂದೊಂದು ತುಂಡನ್ನೂ ಒದ್ದೆ ಮಾಡಿ ನೋಡಿ, ಗುಡ್ಡದೊಳಗೆ ಎಲ್ಲೆಲ್ಲಿ ಏನೇನಿದೆ ಎಂದು ನಾನು ಹೇಳಬೇಕು.

ಎಲ್ಲವೂ ತುಂಡಾಗಿ ಬರುವುದಿಲ್ಲ. ಕಬ್ಬಿಣದ ಗುಡ್ಡಗಳಲ್ಲಿ ಬ್ಲೂ ಡಸ್ಟ್ ಅಂತ ಒಂದಿರುತ್ತದೆ. ನೀಲಿ ಛಾಯೆಯ ಕಪ್ಪು ಪುಡಿ, ಅಪ್ಪಟ ಅದಿರು. ಮುಟ್ಟಿದರೆ ಮೈದಾ ಹಿಟ್ಟಿನಷ್ಟು ನುಣುಪು, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಬೋರ್ ಹಾಕುವಾಗ ಬಿಡುವ ನೀರಿನಲ್ಲಿ ಅದು ತೊಳೆದುಹೋಗುತ್ತದೆ. ಅದು ಇದ್ದಷ್ಟು ಉದ್ದಕ್ಕೆ ಪೆಟ್ಟಿಗೆಯಲ್ಲಿ ಜಾಗ ಖಾಲಿ ಬಿಡಬೇಕು. ಆ ಖಾಲಿ ಜಾಗ ನೋಡಿಯೇ, ಓಹೋ ಇಲ್ಲಿ ಪುಡಿ ಇದೆ ಎಂದು ನಾವು ತಿಳಿಯುವುದು. ಒಣಗಿದ್ದಾಗ ಈ ಪುಡಿ ಸುಮ್ಮನೆ ಕೂತಿರುತ್ತದೆ. ನೀರು ಕುಡಿದರೆ ಅಂಬಲಿಯ ಹಾಗೆ ಹರಿಯುತ್ತದೆ. ಓದುವಾಗ ಬಳ್ಳಾರಿ ಕಡೆಯ ಒಂದು ಗುಡ್ಡ ನೋಡಲು ಹೋಗಿದ್ದೆವು. ಗೋಡೆಯಂತೆ ನೆಟ್ಟಗೆ ನಿಂತಿದ್ದ ದಂಡೆ ನನ್ನ ಕಣ್ಣೆದುರೇ, ಒಂದು ಸದ್ದೂ ಇಲ್ಲದೆ, ಇಳಿದು ಬಂದು ಕೈಗಾಡಿಯೊಂದನ್ನು ನುಂಗಿಬಿಟ್ಟಿತು. ಗಾಡಿಯ ಹಿಡಿಕೆ ಕೂಡ ಕಾಣಲಿಲ್ಲ. ಅವತ್ತಿನಿಂದ ಆ ಪುಡಿ ಅಂದರೆ ನನಗೆ ಹೆದರಿಕೆ, ಅದನ್ನು ಮುಚ್ಚಿಡುವುದೇನು.

ಶೆಡ್ಡಿನಲ್ಲಿ ನನ್ನ ಜೊತೆ ಇದ್ದವಳು ಕಲ್ಲು ಕುಟ್ಟುವ ಅಕ್ಕ. ಯಾದಗಿರಿ ಕಡೆಯವಳು. ನಾನು ಗುರುತು ಹಾಕಿ ಕೊಟ್ಟ ಕಲ್ಲನ್ನು ಕಬ್ಬಿಣದ ಒರಳಿನಲ್ಲಿ ಹಾಕಿ, ಜರಡಿಯಲ್ಲಿ ಇಳಿಯುವಷ್ಟು ಸಣ್ಣಗೆ ಹಾರೆಯಿಂದ ಕುಟ್ಟಿ ಪೊಟ್ಟಣ ಕಟ್ಟುವುದು ಆಕೆಯ ಕೆಲಸ. ಆಕೆಯ ಗಂಡ ಕಂಪನಿಯ ಅಗೆಯುವ ಗ್ಯಾಂಗಿನ ಮುಂದಾಳು, ಗುಡ್ಡದಲ್ಲೇ ಬಿಡಾರ. "ಬಾಯಾರ, ನೀವು ಕಲ್ಲಿನ ಕೂಡನಽ ಲಗ್ನಾ ಆಗಿಬಿಡ್ರಿ, ವರದಕ್ಷಿಣಿ ಕೇಳಂಗಿಲ್ಲ ಅದು" ಎಂದು ನನ್ನನ್ನು ಕಾಡಿಸುತ್ತಿದ್ದಳು. ಮಧ್ಯಾಹ್ನ ನನ್ನ ಊಟದ ಡಬ್ಬಿ ತೊಳೆದುಕೊಡುವಾಗ ಒಂದು ಬೆಲ್ಲದ ಚೂರಾದರೂ ಅದರಲ್ಲಿ ಹಾಕದೆ ಕೊಟ್ಟವಳಲ್ಲ. ಬೇಡ ಎಂದರೆ, "ಖಾಲಿ ಡಬ್ಬಿ ಹೆಂಗ ಕೊಡ್ಲಿ ಬಾಯಾರ, ಛಲೋ ಅಲ್ಲ" ಅನ್ನುವಳು. ನಮ್ಮ ಅವ್ವನೂ ಹಾಗೇ ಇದ್ದಳು. ಪಕ್ಕದ ಮನೆಯ ಬಟ್ಟಲು ವಾಪಸು ಹೋಗುವಾಗ ಅದರಲ್ಲಿ ಏನಾದರೂ ಇರಲೇಬೇಕು. ಆದ್ದರಿಂದ ನನಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಗುಡ್ಡದ ಮಗ್ಗುಲಿನಿಂದ ಒಳಗೆ ಒಂದು ಸುರಂಗ ಕೊರೆಯಲು ಶುರು ಮಾಡಿದ್ದರು. ಅದಿರನ್ನು ಒಳಗೇ ಹೋಗಿ ನೋಡಬೇಕು, ಚೀಲಗಟ್ಟಲೆ ಮಾದರಿ ತರಬೇಕು ಎಂದು. ಮಳೆ ಹಿಡಿದ ಮೇಲೆ ನಿಲ್ಲಿಸಿದ್ದರು. ದಸರೆಯ ಮುಹೂರ್ತಕ್ಕೆ ಮತ್ತೆ ಶುರು ಎಂದು ಮಾಲಕರ ಅಪ್ಪಣೆಯಾಗಿತ್ತು. ಅದಕ್ಕೂ ಮೊದಲು, ಸುರಂಗ ನಿಂತಿದ್ದ ಜಾಗದಿಂದ ತುಸು ಮುಂದೆ, ಗುಡ್ಡದ ಮೇಲಿನಿಂದ ಒಂದು ಬೋರ್ ಹಾಕಿ ನೋಡಲೇಬೇಕೆಂದು ನಾನೇ ಹಟ ಹಿಡಿದಿದ್ದೆ. ಮುಂದೆ ಗಟ್ಟಿ ಕಲ್ಲಿದ್ದರೆ ನೇರ ಹೋಗುವುದು. ಪುಡಿ ಇದ್ದರೆ ಅಲ್ಲಿಗೇ ನಿಲ್ಲಿಸಿ ದಾರಿ ತಿರುಗಿಸುವುದು. ಮಳೆ ಕುಡಿದ ಗುಡ್ಡ, ಸುಮ್ಮನೆ ಆಟವಲ್ಲ. ಆ ಸುರಂಗದೊಳಗೆ ಎಲ್ಲರಿಗಿಂತ ಮುಂದೆ ನಿಂತು ಸುತ್ತಿಗೆ ಹೊಡೆಯುವವನು ಅಕ್ಕನ ಗಂಡ.

ಬೋರಿನ ಪೆಟ್ಟಿಗೆಗಳು ಬರುವುದು ತಡವಾಯಿತು. ಅಷ್ಟರಲ್ಲಿ ನವರಾತ್ರಿ ಬಂತು. ದೇವಿಯ ಘಟ್ಟ ಕೂರಿಸುವ ಮನೆ ನಮ್ಮದು, ಬರದಿದ್ದರೆ ನೋಡು ಎಂದು ಅವ್ವನ ಕಾಗದ. ಪೆಟ್ಟಿಗೆ ಬಂದರೆ ತಾವೇ ನೋಡುವುದಾಗಿ ಸಾಹೇಬರು ಹೇಳಿದ ಮೇಲೆ ನಾನು ಧಾರವಾಡಕ್ಕೆ ಹೋದೆ. ದಸರೆಯ ಬನ್ನಿ ಮುಡಿದು, ಅದೇ ಸಂಜೆ ರೈಲು ಹತ್ತಿ, ಮೀರಜಿನಲ್ಲಿ ಗಾಡಿ ಬದಲಿಸಿ ಬೆಳಿಗ್ಗೆ ಪುಣೆಯಲ್ಲಿ ಇಳಿದೆ. ರೂಮಿಗೆ ಹೋಗಿ ಮುಖ ತೊಳೆದು, ಅವ್ವ ಕಟ್ಟಿಕೊಟ್ಟ ಕರಿಗಡಬು, ಒಂದು ಹಿಡಿ ಬನ್ನಿ ಎಲೆ ಹಿಡಿದುಕೊಂಡು ಭೋಸರಿ ಬಸ್ಸು ಹತ್ತಿದೆ.

ಶೆಡ್ಡು ಮದುವೆ ಮನೆಯ ಹಾಗಿತ್ತು. ಎರಡು ದಿನದ ಹಿಂದಿನ ಖಂಡೇನವಮಿಯ ಆಯುಧಪೂಜೆ ಹಾಗೇ ಇತ್ತು. ಒರಳಿಗೆ ವಿಭೂತಿ, ಹಾರೆಗೆ ಕುಂಕುಮ, ತಕ್ಕಡಿಗೆ ಚೆಂಡುಹೂವಿನ ಮಾಲೆ. ನನ್ನ ಕುರ್ಚಿಯನ್ನೂ ಬಿಟ್ಟಿರಲಿಲ್ಲ, ಅದರ ಬೆನ್ನಿಗೂ ಅರಿಶಿನ. ನನಗೆ ನಗು ಬಂತು. "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು" ಎಂದು ಅಕ್ಕನ ಕೈಗೆ ಎಲೆ ಇಟ್ಟೆ. ಆಕೆ ಕಣ್ಣಿಗೊತ್ತಿಕೊಂಡು, "ಹೊಸಾ ಪೆಟ್ಟಿಗಿ ಬಂದಾವ ನೋಡ್ರಿ ಬಾಯಾರ. ಹೆಂಗ ಹೊಳ್ಯಾಕ ಹತ್ಯಾವ!" ಎಂದು ಕೈ ಹಿಡಿದು ಎಳೆದೊಯ್ದಳು.

ಖರೇ ಹೊಳೆಯುತ್ತಿದ್ದವು. ಸಾಮಾನ್ಯವಾಗಿ ಕೆಸರು ಮೆತ್ತಿಕೊಂಡು ಬರುವ ಕಲ್ಲುಗಳು ತಿಕ್ಕಿ ತೊಳೆದ ತಾಮ್ರದ ತಂಬಿಗೆಯಂತೆ ಮಿರುಗುತ್ತಿದ್ದವು. ಒಂದಕ್ಕೊಂದು ಒತ್ತಿ, ಒಂದು ಬೆರಳು ತೂರದಂತೆ ಸಾಲು ಸಾಲಾಗಿ ಕೂತಿದ್ದವು. ಆಳ ಬರೆದ ಮರದ ತುಂಡುಗಳೂ ತೊಳೆದು ಸ್ವಚ್ಛವಾಗಿ, ಇಟ್ಟ ಜಾಗ ಬಿಟ್ಟು ಪ್ರತಿ ಸಾಲಿನ ತುದಿಗೊಂದರಂತೆ, ಕುಂಕುಮ ಹಚ್ಚಿಸಿಕೊಂಡು ನಿಂತಿದ್ದವು. ಕೊನೆಯ ಪೆಟ್ಟಿಗೆಯಲ್ಲಿ ಕಲ್ಲೇ ಇರಲಿಲ್ಲ. ಅದರ ತುಂಬ ಜೋಳ ಸುರಿದು, ನಡುವೆ ತೆಂಗಿನಕಾಯಿ ಇಟ್ಟಿದ್ದಳು.

"ಇದರಾಗಿನ ಕಲ್ಲು ಎಲ್ಲೆ ಅಕ್ಕಾ?"

"ಆ ಪೆಟ್ಟಿಗಿ ಹೆಚ್ಚಿಗಿ ಉಳೀತ್ರಿ. ನಡುವ ಭಾಳ ಜಾಗಾ ಬಿಟ್ಟು ಕಳಿಸಿದ್ರು, ದಂಡಿಯಾಗಿ. ಹಬ್ಬದಾಗ ಖಾಲಿ ಇಡಬಾರದಲ್ರಿ. ತೊಳದು, ಎಲ್ಲಾ ಮುಂದ ಸರಿಸಿ ಹೊಂದಿಸಿದ್ನಿ. ಕಡೀ ಪೆಟ್ಟಿಗಿ ಪೂರಾ ಖಾಲಿ ಆತು. ಅದಕ್ಕೂ ಜ್ವಾಳಾ ಹಾಕಿ ತುಂಬಿಸಿದ್ನಿ."

"ಸಾಹೇಬ್ರು ನೋಡಿದ್ರಾ?" ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಹಾಗೆ ಕೇಳಿಸಿತು.

"ನೋಡಿದ್ರಲ್ರಿ. ನವಮಿ ದಿನ ಮುಂಜಾನೆ ಬಂದಿದ್ರು. ಗಡಿಬಿಡಿಯಾಗ ಇದ್ರು. ಅಷ್ಟೂ ಬರಕೊಂಡು, ಛಾನ್ ಆಹೇ, ಛಲೋ ಅದ ಅಂದ್ರು. ಮುಂದ ಗಟ್ಟಿ ಕಲ್ಲು ಅದ, ಸುರಂಗ ಸುರು ಮಾಡಂತ ತಾರ ಕಳಸ್ತೀನಿ ಅಂದ್ರು. ನಿನ್ನಿ ದಸರಾಕ್ಕ ಕಾಯಿ ಒಡದಿರ್ತಾರ. ಇವತ್ತ ಖರೇ ಕೆಲಸ ಸುರು ನೋಡ್ರಿ."

ಆಕೆಯ ಮುಖ ನೋಡಿದೆ. ಹೊಗಳಲಿ ಎಂದು ಕಾಯುತ್ತ ನಿಂತಿದ್ದಳು. ಯಾರು ಹೇಳಿದ್ದರು ನಿನಗೆ ಮುಟ್ಟು ಅಂತ ಎಂದು ಕೂಗಬೇಕೆನ್ನಿಸಿತು. ನನ್ನ ಸಿಟ್ಟು ಎಂಥದೆಂದು ಆ ಕಾರ್ಖಾನೆಗಳ ಎಸ್ಟೇಟಿನಲ್ಲಿ ಗೊತ್ತಿಲ್ಲದವರಿರಲಿಲ್ಲ. ಆದರೆ ಅವತ್ತು ಬಾಯಿ ಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಹೆದರಿದೆ. ಸೆರಗು ಸಿಕ್ಕಿಸಿ ಪೆಟ್ಟಿಗೆಗಳ ಮುಂದೆ ಕೂತುಬಿಟ್ಟೆ.

ಬೋರ್ ಹಾಕುವಾಗ ಕಲ್ಲು ಸುಮ್ಮನೆ ಮುರಿದರೆ, ಮುರಿದ ಎರಡು ಮುಖಗಳೂ ಒಂದಕ್ಕೊಂದು ಕೂಡುತ್ತವೆ, ಮುರಿದ ರೊಟ್ಟಿಯ ಚೂರುಗಳು ಕೂಡುವ ಹಾಗೆ. ನಡುವೆ ಪುಡಿ ತೊಳೆದುಹೋಗಿದ್ದರೆ ಕೂಡುವುದಿಲ್ಲ. ತುದಿಗಳು ಒಳಗೇ ಗರಗರ ತಿರುಗಿ, ಬಳಸಿದ ಸೋಪಿನಂತೆ ದುಂಡಗಾಗಿರುತ್ತವೆ. ಒಂದೊಂದೇ ಜೋಡಿ ಎತ್ತಿ ಕೂಡಿಸಿ ನೋಡುತ್ತ ಹೋದೆ. ಮೇಲಿನ ಕಂದು ಕಲ್ಲು ಕೂಡಿತು. ಅದರ ಕೆಳಗಿನ ಗಟ್ಟಿ ಅದಿರು ಕೂಡಿತು. ಒಂದು ತುಂಡು ಜಾರಿ ಕಾಲ ಮೇಲೆ ಬಿತ್ತು, ನೋವೂ ಆಗಲಿಲ್ಲ. ದೇವರೇ, ಈ ಬಿಟ್ಟ ಜಾಗವೆಲ್ಲ ಅಲ್ಲೊಂದು ಇಲ್ಲೊಂದು ಚೂರುಚೂರಾಗಿ ಹಂಚಿಹೋಗಿರಲಿ, ಒಂದೇ ಕಡೆ ಇರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. "ಏನಾತ್ರಿ ಬಾಯಾರ, ಬ್ಯಾರೆ ನಮೂನಿ ಹೊಂದಿಸಬೇಕಿತ್ತೇನು?" ಎಂದು ಅಕ್ಕ ಪಕ್ಕದಲ್ಲಿ ಕೂತು ಕೇಳುತ್ತಲೇ ಇದ್ದಳು.

ಗಟ್ಟಿ ಅದಿರು ಮುಗಿದು ಪಟ್ಟೆಪಟ್ಟೆ ಕಲ್ಲು ಶುರುವಾಗುವ ಕಡೆ ಬಂದೆ. ಎರಡು ತುದಿಗಳೂ ದುಂಡಗಿದ್ದವು. ಕೂಡಿಸಿದೆ, ಕೂಡಲಿಲ್ಲ. ತಿರುಗಿಸಿ ಕೂಡಿಸಿದೆ, ಕೂಡಲಿಲ್ಲ. ಅದರಿಂದ ಕೆಳಗೆ ಉಳಿದದ್ದೆಲ್ಲ ಮತ್ತೆ ಸರಿಯಾಗಿ ಕೂಡಿತು. ಒಂದು ಇಡೀ ಪೆಟ್ಟಿಗೆಯಷ್ಟು ಖಾಲಿ ಜಾಗ ಆ ಒಂದೇ ಕಡೆ ಇತ್ತು. ಅಕ್ಕ ಅದನ್ನು ಮುಚ್ಚಿದ್ದರಿಂದ ಕೆಳಗಿನ ಗಟ್ಟಿ ಪಟ್ಟೆಕಲ್ಲು ಮೇಲೆ ಸರಿದು, ಸುರಂಗ ಹೋಗುವ ಮಟ್ಟಕ್ಕೆ ಬಂದು ಕೂತಿತ್ತು. ಸಾಹೇಬರು ಅದನ್ನು ನೋಡಿ ಗಟ್ಟಿ ಎಂದಿದ್ದರು. ಕಲ್ಲುಗಳನ್ನೆಲ್ಲ ಮತ್ತೆ ಕೆಳಗೆ ಸರಿಸಿ ಅವುಗಳ ಜಾಗದಲ್ಲಿಟ್ಟೆ. ಸುರಂಗದ ಮಟ್ಟದಲ್ಲಿ ಏನೂ ಉಳಿಯಲಿಲ್ಲ. ಬರೀ ಮರದ ಹಲಗೆ ಕಾಣಿಸಿತು.

ನಾನು ಎದ್ದು ಓಡಿದೆ. ಶೆಡ್ಡಿನಲ್ಲಿ ಫೋನಿರಲಿಲ್ಲ. ಮೇನ್ ರೋಡಿನ ಉಡುಪಿ ಹೋಟೆಲಿನಲ್ಲಿತ್ತು. ಹಿಂದೆ ಅಕ್ಕನ ಬರಿಗಾಲಿನ ಸದ್ದು ಕೇಳಿಸುತ್ತಿತ್ತು. ಬಾ ಎಂದು ನಾನು ಕರೆದಿರಲಿಲ್ಲ.

"ಎಂತಾಯ್ತು ಮಾರಾಯ್ರೆ? ಮೊದಲು ಕೂತ್ಕೊಳ್ಳಿ" ಎಂದರು ಗಲ್ಲಾಪೆಟ್ಟಿಗೆಯ ಮುಂದಿದ್ದ ಹೋಟೆಲಿನ ರಾಯರು, ಕುಂದಾಪುರದ ಕಡೆಯವರು. ನಾನು ಉತ್ತರ ಕೊಡದೆ ಫೋನು ಎಳೆದುಕೊಂಡು ಸಾಹೇಬರ ಮನೆಗೆ ಹಚ್ಚಿದೆ. ಆದದ್ದನ್ನು ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿದೆ. "ಖಾತ್ರೀ ಆಹೇ ತುಲಾ?" ಎಂದರು. ಖಾತ್ರಿ ಇದೆಯೇ ನಿನಗೆ?

ಖಾತ್ರಿ ಎಲ್ಲಿಂದ ಬರಬೇಕು? ಗುಡ್ಡದೊಳಗೆ ಹೋಗಿ ನೋಡಿದವರು ಯಾರು? ನನ್ನ ಮಾತು ಸುಳ್ಳಾದರೆ ಮಾಲಕರ ಮುಹೂರ್ತ ಕೆಡಿಸಿದ ಹುಡುಗಿ ಎಂದು ನಾಳೆ ಮನೆಗೆ ಕಳಿಸುತ್ತಾರೆ, ಹೆಂಗಸರು ಹೆದರುಪುಕ್ಕರು ಎಂದು ಗುಡ್ಡದವರು ನಗುತ್ತಾರೆ. ಇಷ್ಟೂ ಆ ಒಂದು ಗಳಿಗೆಯಲ್ಲಿ ತಲೆಯಲ್ಲಿ ಸುಳಿದುಹೋಯಿತು. ಆ ದುಂಡಗಿನ ತುದಿಗಳು ಮಾತ್ರ ಬೆರಳಿಗೆ ಇನ್ನೂ ಹತ್ತುತ್ತಿದ್ದವು. "ಆಹೇ" ಅಂದೆ.

"ಹಾಗಾದರೆ ನನ್ನ ಹೆಸರಿನಲ್ಲಿ ನಿಲ್ಲಿಸು. ನಾನು ಬರುತ್ತೇನೆ" ಎಂದು ಫೋನು ಇಟ್ಟರು.

ಗುಡ್ಡದ ಹತ್ತಿರದ ಹಳ್ಳಿಯ ಪೋಸ್ಟ್ ಆಫೀಸಿಗೆ ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಿದೆ. ಲೈನು ಸಿಗುವಷ್ಟರಲ್ಲಿ ನನ್ನ ಪ್ರಾಣ ಅರ್ಧ ಹೋಗಿತ್ತು. ಸಿಕ್ಕಿದ ಲೈನಿನಲ್ಲಿ ಬರೀ ಗರಗರ. ಗಂಟಲು ಹರಿಯುವಂತೆ ಕೂಗಿದೆ. ಸುರಂಗ ನಿಲ್ಲಿಸಿ, ಎಲ್ಲರೂ ಹೊರಗೆ ಬನ್ನಿ, ಮುಂದೆ ನೀರು ತುಂಬಿದ ಪುಡಿ ಇದೆ, ಸಾಹೇಬರ ಅಪ್ಪಣೆ. ಮತ್ತೆ ಮತ್ತೆ ಕೂಗಿದೆ. ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರ ಕೈಗಳು ನಿಂತುಹೋಗಿದ್ದವು. ಪೋಸ್ಟ್ ಮಾಸ್ತರರು ಸೈಕಲ್ಲಿನ ಮೇಲೆ ಆಳು ಕಳಿಸುತ್ತೇನೆ ಎಂದದ್ದು ಕೇಳಿಸಿತು. ಲೈನು ಹೋಯಿತು.

ತಿರುಗಿದರೆ ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಇಷ್ಟು ವರ್ಷ ಪುಣೆಯಲ್ಲಿದ್ದವಳಿಗೆ ಮರಾಠಿ ತಿಳಿಯದೇ? ಎಲ್ಲ ಕೇಳಿಸಿಕೊಂಡಿದ್ದಳು.

"ಬಾಯಾರ, ಆ ಖಾಲಿ ಜಾಗಾ… ನಮ್ಮವ್ರು ಹೋಗೂ ದಾರ್ಯಾಗ ಅದ ಏನ್ರಿ ಅದು?"

"ಹೌದು ಅಕ್ಕಾ."

"ನಾನಽ ಮುಚ್ಚಿದ್ನಲ್ರಿ ಅದನ್ನ."

ಆಕೆ ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಎರಡೂ ಅಂಗೈಗಳನ್ನು ಸೀರೆಗೆ ಒರೆಸಿಕೊಂಡಳು, ನೋಡಿಕೊಂಡಳು, ಮತ್ತೆ ಒರೆಸಿಕೊಂಡಳು. ರಾಯರು ತಾವೇ ಎರಡು ಕಪ್ಪು ಚಹಾ ತಂದಿಟ್ಟು, ಕನ್ನಡದ ಹೆಂಗಸರು ಹೀಗೆ ನಿಂತರೆ ಹೇಗೆ, ಒಳಗಿನ ಬೆಂಚಿಗೆ ಬನ್ನಿ ಎಂದು ಕೂರಿಸಿದರು. ಚಹಾದ ಮೇಲೆ ಕೆನೆ ಕಟ್ಟಿತು. ಫೋನು ಬಡಿದಾಗಲೆಲ್ಲ ಇಬ್ಬರೂ ಒಟ್ಟಿಗೇ ಏಳುತ್ತಿದ್ದೆವು. ಒಮ್ಮೆ ಯಾವುದೋ ಕಾರ್ಖಾನೆಯವರು ವಡೆ ಕಳಿಸಿ ಎಂದು ಮಾಡಿದ್ದರು. "ಲೈನ್ ಬಿಡಿ ಮಾರಾಯ್ರೆ, ಇಲ್ಲಿ ಜೀವ ಹೋಗ್ತಾ ಉಂಟು!" ಎಂದು ರಾಯರು ಗದರಿ ಇಟ್ಟರು. ಜೀವ ಎಂಬ ಮಾತು ಕೇಳಿ ಅಕ್ಕ ನನ್ನ ಕೈ ಹಿಡಿದುಕೊಂಡಳು. ಕಲ್ಲು ಕುಟ್ಟಿ ಕುಟ್ಟಿ ಗಟ್ಟಿಯಾದ ಕೈ, ಹಿಡಿದ ಹಿಡಿತಕ್ಕೆ ನನ್ನ ಬೆರಳುಗಳು ಜೋಮು ಹಿಡಿದವು.

ಮಧ್ಯಾಹ್ನದ ಊಟದ ಗದ್ದಲ ಕರಗಿದ ಮೇಲೆ ಆ ಕಡೆಯಿಂದ ಫೋನು ಬಂತು. ರಾಯರು ನನ್ನ ಕೈಗೆ ಕೊಟ್ಟರು. "ಬೋಗದಾ ಬಸಲಾ" ಎಂದರು ಪೋಸ್ಟ್ ಮಾಸ್ತರರು. ಸುರಂಗ ಕುಸಿದಿದೆ. "ಜನ? ಜನ ಏನಾದರು?" ಎಂದು ಕೂಗಿದೆ. ಅಷ್ಟರಲ್ಲಿ ಲೈನು ಕಡಿದುಹೋಯಿತು.

ಆಮೇಲಿನ ಹೊತ್ತನ್ನು ಹೇಗೆ ಬರೆಯಲಿ. ನಾನು ಸತ್ತ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ತೆಗೆದರೆ ಅಕ್ಕನಿಗೆ ಏನಾದರೂ ಹೇಳಬೇಕಾಗುತ್ತಿತ್ತು. ಆಕೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕೊನೆಗೆ ರಾಯರೇ ನನ್ನ ಕೈಯಿಂದ ಬಿಡಿಸಿ ಇಟ್ಟು, ತಾವೇ ಎಕ್ಸ್‌ಚೇಂಜಿನವರ ಜೊತೆ ಜಗಳಾಡಿ ಲೈನು ತಿರುಗಿ ಪಡೆದರು. ಎಲ್ಲರೂ ಹೊರಗೆ ಬಂದಿದ್ದಾರಂತೆ. ಹಿಂದೆ ಉಳಿದಿದ್ದ ಒಬ್ಬ ಸಿಕ್ಕಿಬಿದ್ದಿದ್ದನಂತೆ. ಎಳೆದು ತೆಗೆದಿದ್ದಾರೆ, ಉಸಿರಿದೆ, ಸಾವಂತವಾಡಿಯ ಆಸ್ಪತ್ರೆಗೆ ಒಯ್ದಿದ್ದಾರೆ. ಹೆಸರು ಗೊತ್ತಿಲ್ಲ.

"ಅವ್ರಽ ಅವ್ರು" ಅಂದಳು ಅಕ್ಕ. "ಎಲ್ಲಾರ್ನೂ ಹೊರಗ ಹಾಕಿ ಕಡೀಕ ಬರೂ ಮನಶಾ ಅವ್ರು. ನನಗ ಗೊತ್ತದ."

ಅವನೇ ಆಗಿದ್ದ. ಸಾಹೇಬರು ಅವತ್ತೇ ಕಂಪನಿಯ ಜೀಪಿನಲ್ಲಿ ಆಕೆಯನ್ನು ಕರೆದುಕೊಂಡು ಹೋದರು. ಹೊರಡುವ ಮುಂಚೆ ಶೆಡ್ಡಿಗೆ ಬಂದು ಆ ಎರಡು ದುಂಡಗಿನ ತುದಿಗಳನ್ನು ಕೈಯಲ್ಲಿ ಹಿಡಿದು ನೋಡಿ, "ಇದನ್ನು ನಾನು ನೋಡಬೇಕಿತ್ತು, ಆಕೆಯದಲ್ಲ ತಪ್ಪು" ಎಂದರು. ಅಷ್ಟು ದೊಡ್ಡ ಮನುಷ್ಯರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಅದೇ ಮೊದಲು ನೋಡಿದ್ದು. ಜೀಪು ಹತ್ತುವಾಗ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. "ಬಾಯಾರ, ಅವ್ರು ಉಳದು ಬಂದ್ರ… ನಾ ಮುಚ್ಚಿದ್ದು ಅವ್ರಿಗಿ ಹೇಳಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ." ಹೇಳುವುದಿಲ್ಲ ಎಂದು ಆಕೆಯ ತಲೆ ಮುಟ್ಟಿ ಆಣೆ ಮಾಡಿದೆ.

ದೀಪಾವಳಿ ಕಳೆದ ಮೇಲೆ ಅವನು ಕಂಕುಳಲ್ಲಿ ಕೋಲು ಹಿಡಿದು, ಹೆಂಡತಿಯ ಹೆಗಲ ಮೇಲೆ ಕೈ ಹಾಕಿ ಶೆಡ್ಡಿಗೆ ಬಂದ. ಒಂದು ಕಾಲು ಮುರಿದಿತ್ತು. ಇನ್ನು ಗುಡ್ಡದ ಕೆಲಸ ಆಗುವಂತಿರಲಿಲ್ಲ, ಸಾಹೇಬರು ಶೆಡ್ಡಿಗೇ ವಾಚ್‌ಮನ್ ಮಾಡಿಕೊಂಡರು. ಆದದ್ದನ್ನು ಅವನ ಬಾಯಲ್ಲೇ ಕೇಳಿದೆ. ಸೈಕಲ್ಲಿನವನು ಬಂದು ಹೇಳಿದಾಗ ಎಲ್ಲರೂ ಹೊರಗೆ ನಡೆದರಂತೆ. ಇವನು ಸಾಮಾನು ಎತ್ತಿಕೊಳ್ಳಲು ನಿಂತನಂತೆ. ಹಿಂದಿನ ದಿನ ಪೂಜೆ ಮಾಡಿದ ಸಾಮಾನು, ಒಳಗೆ ಬಿಟ್ಟು ಹೋಗುವುದು ಹೇಗೆ?

"ಗ್ವಾಡಿಗಿ ಚುಚ್ಚಿದ್ದ ಉದ್ದನ ಹಾರಿ ಹಿಂದಕ್ಕ ಎಳದ್ನಿ ನೋಡ್ರಿ ಬಾಯಾರ, ಆ ತೂತಿನಾಗಿಂದ ನೀಲಿ ನೀರು ಬಂತು. ಸಣ್ಣಗ, ನಳದಾಗಿಂದ ಬಂದಂಗ. ಓಡಿದ್ನಿ. ಸಪ್ಪಳಽ ಇಲ್ರಿ! ಹಿಂದಿಂದ ಬಂದು ನಡಾ ತನಕ ಹಿಡಕೊಂತು. ಅಲ್ಲಾಡಾಕ ಬರಂಗಿಲ್ಲ. ಅಷ್ಟ ಭಾರ." ಹೇಳುತ್ತ ಹೇಳುತ್ತ ಅವನ ಹಣೆ ಬೆವರಿತು. ಆಮೇಲೆ ಹೆಂಡತಿಯ ಕಡೆ ತಿರುಗಿ ನಕ್ಕ. "ಆದ್ರ ನಾ ಯಾಕ ಉಳದ್ನಿ ಗೊತ್ತೇನ್ರಿ? ಇಕಿ ಇಲ್ಲೆ ಮಾಡಿದ ಪೂಜಾದಿಂದ. ಒಂದ ಪೆಟ್ಟಿಗೀನೂ ಖಾಲಿ ಬಿಡಲಿಲ್ಲಂತ, ಎಲ್ಲಾ ತುಂಬಿದ್ಲಂತ, ಸಾಹೇಬ್ರ ಡ್ರೈವರ ಹೇಳಿದ. ಹಬ್ಬಾ ಹಂಗ ಮಾಡಬೇಕು! ಮೈಲಾರಲಿಂಗ ಸುಮ್ಮ ಕೈಬಿಡ್ತಾನೇನು?"

ಅಕ್ಕ ಒರಳಿನಲ್ಲಿ ಹಾರೆ ಎತ್ತಿದವಳು ಎತ್ತಿದಂತೆಯೇ ನಿಂತಳು. ನನ್ನ ಕಡೆ ನೋಡಿದಳು. ನಾನು ಕಣ್ಣು ತಪ್ಪಿಸಿದೆ. ಹಾರೆ ಧಡ್ಡನೆ ಒರಳಿಗೆ ಬಿತ್ತು, ಆಕೆ ಮತ್ತೆ ಕುಟ್ಟತೊಡಗಿದಳು.

ಅವನ ಕಾಲು ಊರುವಂತಾದ ಮೇಲೆ ಹರಕೆ ತೀರಿಸಲು ಜೇಜುರಿಗೆ, ಮೈಲಾರಲಿಂಗನ ಗುಡಿಗೆ ಹೊರಟರು. ನೀವೂ ಬರಲೇಬೇಕು, ನಿಮ್ಮ ಫೋನಿನಿಂದಲೂ ಉಳಿದಿದ್ದೇನೆ ಎಂದು ನನ್ನನ್ನೂ ಎಳೆದುಕೊಂಡು ಹೋದ. ಕುಂಟುತ್ತ ಮೆಟ್ಟಿಲು ಹತ್ತಿ, "ಏಳಕೋಟಿ!" ಎಂದು ಕೂಗಿ ಅರಿಶಿನದ ಭಂಡಾರ ತೂರಿದ. ನಮ್ಮ ಮೂವರ ತಲೆಯೂ ಹಳದಿಯಾಯಿತು. ಇವಳ ಪೂಜೆಯ ಫಲ ಎಂದು ಸಿಕ್ಕಿದ ಯಾತ್ರಿಕರಿಗೆಲ್ಲ ಹೇಳುತ್ತಿದ್ದ. ಆಕೆ ತಲೆ ಎತ್ತಲಿಲ್ಲ. ಇಳಿಯುವಾಗ ನನ್ನ ಕಿವಿಯಲ್ಲಿ, "ಅವ್ರು ಹೊಗಳಿದಾಗೆಲ್ಲಾ ನನಗ ಜೀವಾ ಹೋದಂಗ ಆಗ್ತದ ಬಾಯಾರ" ಅಂದಳು.

ಮುಂದಿನ ವರ್ಷ ನವರಾತ್ರಿಗೆ ನಾನು ಧಾರವಾಡಕ್ಕೆ ಹೋಗಲಿಲ್ಲ. ಅವ್ವ ಬೈದಳು, ಬೈಯಲಿ. ಬೇರೊಂದು ಗುಡ್ಡದ ಬೋರಿನ ಪೆಟ್ಟಿಗೆಗಳು ಬಂದಿದ್ದವು. ಒಂದರ ನಡುವೆ ಅಂಗೈಯಗಲದ ಜಾಗ ಖಾಲಿ ಇತ್ತು. ನಾನು ಅದನ್ನು ನೋಡಿ ಬರೆದುಕೊಂಡಾಗಿತ್ತು. ಈಗ ಅದನ್ನು ಯಾರು ಏನು ಮಾಡಿದರೂ ಯಾರಿಗೂ ಏನೂ ಆಗುವಂತಿರಲಿಲ್ಲ. ಖಂಡೇನವಮಿಯ ದಿನ ಅವನೇ ಮಡಿಯುಟ್ಟು, ಜೇಜುರಿಯ ಭಂಡಾರ ಬೆರೆಸಿದ ಜೋಳವನ್ನು ಮುಷ್ಟಿಯಲ್ಲಿ ಹಿಡಿದು ಕುಂಟುತ್ತ ಬಂದ. ಒರಳಿಗೆ ಹಾಕಿದ, ತಕ್ಕಡಿಗೆ ಹಾಕಿದ. ಪೆಟ್ಟಿಗೆಯ ಹತ್ತಿರ ಬಂದು ಆ ಖಾಲಿ ಜಾಗದ ಮೇಲೆ ಕೈ ಚಾಚಿದ.

ಅಕ್ಕ ಆ ಮೂಲೆಯಲ್ಲಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದವಳು ಹೇಗೆ ಬಂದಳೋ ಕಾಣೆ. ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದಿದ್ದಳು.

"ಅಲ್ಲಿ ಬ್ಯಾಡ."

"ಏ, ಹುಚ್ಚಿ! ಹಬ್ಬದ ದಿನಾ ಖಾಲಿ ಬಿಡ್ತಾರೇನು? ಹ್ವಾದ ವರ್ಷ ನೀನಽ ತುಂಬಿದ್ದೆಲ್ಲಾ, ಅದಕ್ಕಽ ನಾ ಉಳದ್ನಿ."

"ಖಾಲಿ ಇರಲಿ ಅದು."

ಅವನು ನಗುತ್ತ ನನ್ನ ಕಡೆ ತಿರುಗಿದ. "ನೀವರ ಹೇಳ್ರಿ ಬಾಯಾರ ಇಕಿಗಿ."

"ಖಾಲಿ ಇರಲಿ ಅಣ್ಣಾ" ಎಂದೆ.

ಹೆಂಗಸರ ಗತಿಯೇ ಇಷ್ಟು ಎನ್ನುವಂತೆ ಅವನು ತಲೆ ಕೊಡವಿ, ಎಡಗೈಯಿಂದ ಗಂಟೆ ಎತ್ತಿಕೊಂಡು ಪೂಜೆ ಶುರು ಮಾಡಿದ. ಬಲಗೈ ಆಕೆಯ ಹಿಡಿತದಲ್ಲೇ ಇತ್ತು. ಆರತಿ ಮುಗಿದು, ನಾನು ಕಾಯಿ ಒಡೆದು ಎಲ್ಲರಿಗೂ ಚೂರು ಹಂಚುವವರೆಗೂ ಆಕೆ ಆ ಕೈ ಬಿಡಲಿಲ್ಲ.